ಎಂಟು ಸಾಲು ಆದಮೇಲೆ

ಪತ್ರ: ನನ್ನ ಸುನೀತವನ್ನು (ಸಾನೆಟ್) ವಾಪಸ್ ಕಳಿಸಿದ್ದೀರಿ. 14 ಸಾಲಿದೆ, ಪ್ರಾಸ ಒಂದೂ ತಪ್ಪಿಲ್ಲ. ಇನ್ನೇನು ಬೇಕಿತ್ತು?
– ಓದುಗರೊಬ್ಬರು, ಹಾವೇರಿ

ಸಂಪಾದಕರ ಉತ್ತರ: ಬರೆದದ್ದು ವಾಪಸ್ ಬಂದರೆ ಮುನಿಸಿಕೊಂಡು ಸುಮ್ಮನಾಗುವವರೇ ಜಾಸ್ತಿ. ನೀವು ಕಾರಣ ಕೇಳಿದಿರಿ, ಖುಷಿಯಾಯಿತು.

ಸಾಲಿನ ಲೆಕ್ಕವೂ ಪ್ರಾಸವೂ ಬೇಕು, ಒಪ್ಪಿದೆ. ಆದರೆ ಸುನೀತದ ಜೀವ ಇರುವುದು ತಿರುವಿನಲ್ಲಿ. ಮೊದಲ 8 ಸಾಲಿನಲ್ಲಿ ಒಂದು ಮಾತು ಏರುತ್ತಾ ಬರಬೇಕು. ಉಳಿದ 6 ಸಾಲು ಅದಕ್ಕೆ ಎದುರು ನಿಲ್ಲಬೇಕು. ಉತ್ತರ ಕೊಡಲಿ, ತಕರಾರು ತೆಗೆಯಲಿ, ಸುಮ್ನೆ ಮುಂದುವರಿಯಬಾರದು. 13ನೇ ಶತಮಾನದಲ್ಲಿ ಸಿಸಿಲಿಯ ದೊರೆಯ ಬಳಿ ದಸ್ತಾವೇಜು ಬರೆಯುತ್ತಿದ್ದ ಜಾಕೊಮೊ ದಾ ಲೆಂತೀನಿ ಈ ರೂಪ ಕಟ್ಟಿದ ಎನ್ನುತ್ತಾರೆ. ಷೇಕ್ಸ್‌ಪಿಯರ್ ನಾಲ್ಕು ಸಾಲಿನ ಮೂರು ಕಂತು, ಕೊನೆಗೊಂದು ಜೋಡಿ ಸಾಲು ಎಂದು ಬರೆದ, ತಿರುವನ್ನು ಬಿಡಲಿಲ್ಲ. 1609ರಲ್ಲಿ ಅಚ್ಚಾದ ಅವನ 154 ಸುನೀತಗಳಲ್ಲಿ ಒಂದಕ್ಕೆ 15 ಸಾಲು, ಇನ್ನೊಂದಕ್ಕೆ 12. ಲೆಕ್ಕವೇ ಎಲ್ಲ ಆಗಿದ್ದರೆ ಅವೆರಡನ್ನೂ ಹೊರಗಿಡಬೇಕಿತ್ತು, ಅಲ್ವಾ?

ಕಣ್ಣು ಹೋದಮೇಲೆ ಇಂಗ್ಲಿಷ್ ಕವಿ ಮಿಲ್ಟನ್ ಬರೆದ ಸುನೀತವನ್ನು ಓದಿ. ಬೆಳಕನ್ನೇ ಕಸಿದುಕೊಂಡ ದೇವರು ನನ್ನಿಂದ ಹಗಲಿನ ದುಡಿಮೆ ಕೇಳುತ್ತಾನೆಯೇ ಎಂದು ಕವಿ ಗೊಣಗುತ್ತಾನೆ. ತಿರುವು ಬರಬೇಕಾದದ್ದು ಒಂಬತ್ತನೇ ಸಾಲಿಗೆ. ಇಲ್ಲಿ ಎಂಟನೇ ಸಾಲಿನ ನಡುವೆಯೇ ತಾಳ್ಮೆ ಬಾಯಿ ಹಾಕುತ್ತದೆ. ಗೊಣಗಾಟ ಮುಗಿಯಲೂ ಬಿಡುವುದಿಲ್ಲ. 8-6ರ ಪಾಲು ಗೊತ್ತಿದ್ದವರಿಗೆ ಮಾತ್ರ ಆ ಅವಸರ ಕೇಳಿಸುತ್ತದೆ. ನನಗೆ ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ.

ಈಗ ನಿಮ್ಮ ಪದ್ಯ. ಕೆರೆ ಬತ್ತಿದ ದುಃಖ ಮೊದಲ ಸಾಲಿಗೇ ಬಂದಿದೆ. ಕೊನೆಯ ಸಾಲಿನಲ್ಲೂ ಅದೇ ದುಃಖ, ಅದೇ ದನಿ. ನಡುವೆ ನಾಲ್ಕು ಸಾಲು ಕಿತ್ತರೂ ಗೊತ್ತಾಗುವುದಿಲ್ಲ. ಪ್ರಾಸವೋ, ಬತ್ತಿತು, ಸುತ್ತಿತು, ಹೊತ್ತಿತು. ಕನ್ನಡದಲ್ಲಿ ಕ್ರಿಯಾಪದ ಸಾಲಿನ ಕೊನೆಗೇ ಬಂದು ಕೂರುತ್ತದೆ, ಹಾಗಾಗಿ ಇಂಥ ಪ್ರಾಸ ಪುಕ್ಕಟೆ ಸಿಗುತ್ತದೆ. ಇಟಲಿಯ ಪೆತ್ರಾರ್ಕ ಮೊದಲ 8 ಸಾಲನ್ನು ಎರಡೇ ಪ್ರಾಸದಲ್ಲಿ ಮುಗಿಸುತ್ತಿದ್ದ. ಇಂಗ್ಲಿಷಿನಲ್ಲಿ ಪ್ರಾಸಕ್ಕೆ ಬರ, ಅದಕ್ಕೇ ಷೇಕ್ಸ್‌ಪಿಯರನ ಸುನೀತದಲ್ಲಿ ಏಳು. ನಮಗೆ ಕಷ್ಟ ಇರುವುದು ಪ್ರಾಸ ಹುಡುಕುವುದರಲ್ಲಿ ಅಲ್ಲ, ಸುಲಭದ್ದನ್ನು ಬಿಡುವುದರಲ್ಲಿ. ಮಾಸ್ತಿಯವರ 'ಮಲಾರ', ಕುವೆಂಪು ಅವರ 'ಕೃತ್ತಿಕೆ' ಸುನೀತಗಳದ್ದೇ ಸಂಕಲನಗಳು. ಲೈಬ್ರರಿಯಿಂದ ತನ್ನಿ. ಎಂಟು ಸಾಲು ಆದಮೇಲೆ ಏನಾಗುತ್ತದೆ ಎಂದು ಪೆನ್ಸಿಲ್ ಹಿಡಿದು ಓದಿ.

ತಪ್ಪು ನಿಮ್ಮೊಬ್ಬರದ್ದಲ್ಲ. ಪರೀಕ್ಷೆಯಲ್ಲಿ ಸುನೀತದಲ್ಲಿ ಎಷ್ಟು ಸಾಲು ಎಂದು ಒಂದು ಅಂಕಕ್ಕೆ ಕೇಳುತ್ತಾರೆ. 14 ಎಂದರೆ ಮುಗಿಯಿತು. ಆರು ಸಾಲಿನ ನಮ್ಮ ಭಾಮಿನಿ ಷಟ್ಪದಿಗೂ ಇದೇ ಗತಿ. ಮಾತ್ರೆ ಎಣಿಸಿ ಪ್ರಸ್ತಾರ (ಲಘು-ಗುರು ಗುರುತು) ಹಾಕಿಸುತ್ತೇವೆ. ಕುಮಾರವ್ಯಾಸನಲ್ಲಿ ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆ ಎಂದು ಆ ನಡೆ ಬಾಗುವುದನ್ನು ಮಕ್ಕಳ ಕಿವಿಗೆ ಹಾಕುವುದೇ ಇಲ್ಲ. ಪ್ರಸ್ತಾರಕ್ಕೆ ಪೂರ್ತಿ ಅಂಕ ತೆಗೆದ ಹುಡುಗರು ಅದೇ ಪದ್ಯವನ್ನು ಗಟ್ಟಿಯಾಗಿ ಓದಲು ಹೇಳಿದರೆ ತಡವರಿಸುತ್ತಾರೆ. ಕನ್ನಡ ಮೇಷ್ಟ್ರುಗಳೇ, ಮೇಡಂಗಳೇ, ವಾರಕ್ಕೊಂದು ಪೀರಿಯಡ್ಡಾದರೂ ಸೀಮೆಸುಣ್ಣ ಕೆಳಗಿಟ್ಟು ಪದ್ಯ ಓದಿಸಿ.