ಹೊಸ ಅಕೌಂಟ್ ಬೇಡ, ಮೊದಲು ಹಳೆಯ ರಿಟರ್ನ್‌ಗಳ ಕಾರಣ ತೆಗೆದು ನೋಡಿ

ಆನ್‌ಲೈನ್ ಶಾಪಿಂಗ್ ಕಂಪನಿಯಿಂದ ನಿಮಗೆ ಬಂದಿರುವ ಮೇಲ್ ನನಗೂ ಬಂದಿತ್ತು. ಖಾತೆಯಲ್ಲಿ ರಿಟರ್ನ್ ಜಾಸ್ತಿ ಆಗಿದೆ, ಹೀಗೇ ಮುಂದುವರಿದರೆ ಕ್ರಮ ತೆಗೆದುಕೊಳ್ಳುತ್ತೇವೆ ಅಂತ ಇರುತ್ತದೆ. ಯಾವ ವಸ್ತು, ಎಷ್ಟು ಆದರೆ ಜಾಸ್ತಿ ಅಂತ ಒಂದು ಮಾತೂ ಇರುವುದಿಲ್ಲ, ಅಲ್ವಾ? ಅಮ್ಮನ ಹೆಸರಿನಲ್ಲಿ ಹೊಸ ಅಕೌಂಟ್ ತೆರೆಯಲಾ, ಇಲ್ಲ ಇನ್ನು ಮೇಲೆ ಏನು ಬಂದರೂ ವಾಪಸ್ ಕಳಿಸದೆ ಇಟ್ಟುಕೊಳ್ಳಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ಯಾಕೆ ಬೇಡ ಅನ್ನುವುದಕ್ಕೆ ನನ್ನ ಕತೆಯನ್ನೇ ಹೇಳಬೇಕು. ಸ್ವಲ್ಪ ಉದ್ದ ಇದೆ.

ನಮ್ಮದು ನಾಪೋಕ್ಲಿನಿಂದ ಒಳಗೆ ಸಣ್ಣ ಕಾಫಿ ತೋಟ. ಡೆಲಿವರಿ ಹುಡುಗ ಮನೆಯವರೆಗೆ ಬರುವುದಿಲ್ಲ. ಪೇಟೆಯ ಒಂದು ಅಂಗಡಿಯಲ್ಲಿಟ್ಟು "ಅಕ್ಕಾ, ಇಟ್ಟಿದ್ದೀನಿ" ಅಂತ ಫೋನ್ ಮಾಡುತ್ತಾನೆ. ಫೋನ್ ಸಿಕ್ಕರೆ. ಮಡಿಕೇರಿಗೆ ಹೋಗಿ ಬಂದರೆ ಅರ್ಧ ದಿನ ಹೋಯಿತು, ಮಳೆಗಾಲದಲ್ಲಿ ಇಡೀ ದಿನ. ಹಾಗಾಗಿ ಕೆಲಸದವರ ರೈನ್‌ಕೋಟು, ಗಮ್ ಬೂಟು, ಎಮರ್ಜೆನ್ಸಿ ಲೈಟು, ನಮ್ಮತ್ತೆ ನೂಪುಟ್ಟಿಗೆ ಬೇಕು ಅಂದ ಶಾವಿಗೆ ಒರಳು, ಎಲ್ಲ ಫೋನಿನಲ್ಲೇ ತರಿಸುತ್ತಿದ್ದೆ. ಬಂದದ್ದೆಲ್ಲ ಸರಿ ಇರುತ್ತಿರಲಿಲ್ಲ. ಒಂದು ಜೊತೆ ಗಮ್ ಬೂಟಿನಲ್ಲಿ ಎರಡೂ ಎಡಗಾಲಿನವೇ ಬಂದಿದ್ದವು. ರೈನ್‌ಕೋಟಿನ ಹೊಲಿಗೆಯಲ್ಲೇ ನೀರು ಇಳಿಯುತ್ತಿತ್ತು, ಕೊಡಗಿನ ಜುಲೈ ಮಳೆಗೆ ಅದನ್ನು ಹಾಕಿಕೊಂಡರೂ ಒಂದೇ, ಬಿಟ್ಟರೂ ಒಂದೇ. ಒರಳಿನ ಹಿಡಿ ಪೆಟ್ಟಿಗೆಯಲ್ಲೇ ಮುರಿದಿತ್ತು. ಇವನ್ನೆಲ್ಲ ವಾಪಸ್ ಕಳಿಸಿದ್ದು ತಪ್ಪು ಅಂತ ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ತಪ್ಪಾಗಿದ್ದು ಬೇರೆ ಕಡೆ.

ರಿಟರ್ನ್ ಒತ್ತಿದ ತಕ್ಷಣ ಆ್ಯಪ್ ಕಾರಣ ಕೇಳುತ್ತದೆ, ನೋಡಿದ್ದೀರಲ್ಲ. ವಸ್ತು ಹಾಳಾಗಿದೆ, ಬೇರೆ ವಸ್ತು ಬಂದಿದೆ, ಸೈಜ್ ಸರಿ ಇಲ್ಲ, ತಡವಾಗಿ ಬಂತು, ಈಗ ಬೇಡ. "ಹಾಳಾಗಿದೆ" ಒತ್ತಿದರೆ ಫೋಟೋ ಹಾಕು ಅನ್ನುತ್ತದೆ, ಕೆಲವಕ್ಕೆ ವಿಡಿಯೋ ಬೇಕು ಅನ್ನುತ್ತದೆ. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಜಗಲಿಯ ಒಂದು ಮೂಲೆಯಲ್ಲಿ. ಮಳೆ ಹಿಡಿದರೆ ಕರೆಂಟಿಲ್ಲ, ಕರೆಂಟು ಹೋಗಿ ಸ್ವಲ್ಪ ಹೊತ್ತಿಗೆ ಟವರೂ ಇಲ್ಲ. ಫೋಟೋ ಹಾಕಿದರೆ ಆ ಚಕ್ರ ಸುತ್ತುತ್ತಲೇ ಇರುತ್ತಿತ್ತು, ಕೊನೆಗೆ "ಮತ್ತೆ ಪ್ರಯತ್ನಿಸಿ" ಅಂತ ಬರುತ್ತಿತ್ತು. "ಈಗ ಬೇಡ" ಒತ್ತಿದರೆ ಯಾವ ಪ್ರಶ್ನೆಯೂ ಇಲ್ಲ. ಒಂದೇ ಒತ್ತಿಗೆ ಪಿಕಪ್ ಬುಕ್, ದುಡ್ಡು ವಾಪಸ್. ನಾನು ಅದನ್ನೇ ಒತ್ತುತ್ತಾ ಹೋದೆ. ಎಡಗಾಲಿನ ಬೂಟಿಗೂ "ಈಗ ಬೇಡ", ಸೋರುವ ರೈನ್‌ಕೋಟಿಗೂ "ಈಗ ಬೇಡ", ಮುರಿದ ಒರಳಿಗೂ "ಈಗ ಬೇಡ". ದುಡ್ಡು ಬರುತ್ತಿದೆಯಲ್ಲ, ಕಾರಣ ಯಾರು ಓದುತ್ತಾರೆ ಅಂದುಕೊಂಡಿದ್ದೆ.

ಇದನ್ನು ಬಿಡಿಸಿ ಹೇಳುತ್ತೇನೆ, ಯಾಕಂದರೆ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಕಾರಣವನ್ನು ಮನುಷ್ಯರು ಓದುವುದಿಲ್ಲ ಅನ್ನುವುದು ಸರಿ. ಆದರೆ ಅದು ನಿಮ್ಮ ಖಾತೆಯ ಲೆಕ್ಕದಲ್ಲಿ ಕೂತಿರುತ್ತದೆ. "ಹಾಳಾಗಿದೆ" ಅಂತ ನೀವು ಬರೆದರೆ ಪ್ರಶ್ನೆ ಮಾರಿದವನ ಕಡೆ ಹೋಗುತ್ತದೆ: ಇವನ ಬೂಟು ಯಾಕೆ ಹೀಗೆ ವಾಪಸ್ ಬರುತ್ತಿದೆ ಅಂತ. "ಈಗ ಬೇಡ" ಅಂತ ಬರೆದರೆ ಮಾರಿದವನದು ಏನೂ ತಪ್ಪಿಲ್ಲ, ಕೊಂಡವಳಿಗೇ ಮನಸ್ಸು ನಿಲ್ಲುವುದಿಲ್ಲ. ಪ್ರತಿ ಸಲ ಬೇರೆಯವರ ತಪ್ಪನ್ನು ನನ್ನ ಹೆಸರಿಗೆ ನಾನೇ ಬರೆದುಕೊಂಡಿದ್ದೆ. ಅದೂ ನನ್ನ ಬೆರಳಿನಿಂದಲೇ, ನನ್ನ ಜಗಲಿಯಲ್ಲೇ ಕೂತು. ಆಮೇಲೆ "ಅವೆಲ್ಲ ಹಾಳಾಗಿದ್ದವು" ಅಂದರೆ ನಂಬುವವರು ಯಾರು? ಫೋಟೋ ಅಪ್‌ಲೋಡ್ ಆಗುವುದಿಲ್ಲ ಅಂತ ಫೋಟೋ ತೆಗೆಯುವುದನ್ನೇ ಬಿಟ್ಟಿದ್ದೆ. ತೆಗೆದು ಫೋನಿನಲ್ಲಿ ಇಟ್ಟುಕೊಂಡಿದ್ದರೂ ಸಾಕಿತ್ತು.

ಮೊದಲು ಹೋಗಿದ್ದು ಕ್ಯಾಶ್ ಆನ್ ಡೆಲಿವರಿ. ಒಂದು ದಿನ ಆ ಆಯ್ಕೆಯೇ ಕಾಣಲಿಲ್ಲ. ನಮ್ಮ ಕಡೆಗೆ ಮಾತ್ರ ನಿಲ್ಲಿಸಿರಬೇಕು ಅಂದುಕೊಂಡೆ, ಆದರೆ ಪಕ್ಕದ ತೋಟದವರಿಗೆ ಅದೇ ಅಂಗಡಿ ವಿಳಾಸಕ್ಕೆ ಸಿಗುತ್ತಿತ್ತು. ಆಮೇಲೆ ಮೇಲ್ ಬಂತು. ಆಮೇಲೆ ಮಷಿನ್ ಬಂತು.

ಕಳೆ ಹೊಡೆಯುವ ಮಷಿನ್, ಪೆಟ್ರೋಲಿನದು, ಹನ್ನೊಂದು ಸಾವಿರದ ಚಿಲ್ಲರೆ. ಕ್ಯಾಶ್ ಆನ್ ಡೆಲಿವರಿ ಇಲ್ಲದ ಕಾರಣ ದುಡ್ಡು ಮೊದಲೇ ಕಟ್ಟಿದ್ದೆ. ಪೆಟ್ಟಿಗೆ ಬಿಚ್ಚಿದರೆ ಪೆಟ್ರೋಲ್ ಟ್ಯಾಂಕ್ ಸೀಳಿದೆ. ಈ ಸಲ ನಾಪೋಕ್ಲು ಪೇಟೆಗೇ ಹೋಗಿ, ಸಿಗ್ನಲ್ ಇರುವ ಕಡೆ ನಿಂತು, "ಹಾಳಾಗಿದೆ" ಅಂತಲೇ ಒತ್ತಿ, ಫೋಟೋನೂ ಹಾಕಿದೆ. ರಿಟರ್ನ್ ಆಗುವುದಿಲ್ಲ ಅಂತ ಬಂತು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಆ ಹುಡುಗಿ ಪಾಪ ತುಂಬಾ ಮರ್ಯಾದೆಯಿಂದ, ಮೇಡಂ, ನಿಮ್ಮ ಹಿಂದಿನ ರಿಟರ್ನ್‌ಗಳು ಹೆಚ್ಚಿನವು ಮನಸ್ಸು ಬದಲಾದವು, ಹಾಗಾಗಿ ಸಿಸ್ಟಮ್ ಬಿಡುತ್ತಿಲ್ಲ ಅಂದಳು. ಮನಸ್ಸು ಬದಲಾದವು! ಎರಡು ಎಡಗಾಲಿನ ಬೂಟು ನೋಡಿ ಯಾರ ಮನಸ್ಸು ಬದಲಾಗುವುದಿಲ್ಲ ಹೇಳಿ.

ಕಂಪನಿಯ ದೂರು ಅಧಿಕಾರಿಗೆ ಮೇಲ್ ಹಾಕಿದೆ, ಅದೇ ಉತ್ತರ ಬಂತು. ಅಷ್ಟರಲ್ಲಿ ತೋಟದಲ್ಲಿ ಕಳೆ ಸೊಂಟದವರೆಗೆ ಬೆಳೆದಿತ್ತು. ಕೆಲಸಕ್ಕೆ ಜನ ಸಿಗುವುದೇ ಕಷ್ಟ, ಸಿಕ್ಕ ದಿನ ಮಷಿನ್ ಇಲ್ಲ ಅಂದರೆ ಆಗುವುದಿಲ್ಲ. ನಮ್ಮ ಯಜಮಾನರು ಮೂರ್ನಾಡಿನ ಮೆಕ್ಯಾನಿಕ್ ಹತ್ತಿರ ಬೇರೆ ಟ್ಯಾಂಕ್ ಹಾಕಿಸಿಕೊಂಡು ಬಂದರು. ಸೀಳಿದ ಟ್ಯಾಂಕು ಅವನ ಗುಜರಿಗೆ ಹೋಯಿತು. ಅಲ್ಲಿಗೆ ನನ್ನ ಸಾಕ್ಷಿಯೂ ಹೋಯಿತು. ಮಷಿನ್ ಈಗ ಚೆನ್ನಾಗಿ ಓಡುತ್ತಿದೆ, ಅದು ಬೇರೆ ಮಾತು.

ಆಮೇಲೆ ಪರಿಚಯದ ವಕೀಲರೊಬ್ಬರು ಹೇಳಿದ್ದು ಕೇಳಿ ಹೊಟ್ಟೆ ಉರಿಯಿತು. ಗ್ರಾಹಕ ರಕ್ಷಣಾ ಕಾಯ್ದೆ 2019ರ ಕೆಳಗೆ 2020ರಲ್ಲಿ ಇ-ಕಾಮರ್ಸ್ ನಿಯಮಗಳು ಬಂದಿವೆ. ವಸ್ತುವಿನಲ್ಲಿ ದೋಷ ಇದ್ದರೆ, ನಕಲಿ ಆಗಿದ್ದರೆ, ತೋರಿಸಿದ ಹಾಗೆ ಇಲ್ಲದಿದ್ದರೆ, ಹೇಳಿದ ದಿನಕ್ಕಿಂತ ತಡವಾಗಿ ಬಂದರೆ ಮಾರಿದವರು ವಾಪಸ್ ತೆಗೆದುಕೊಳ್ಳುವುದಿಲ್ಲ ಅನ್ನುವ ಹಾಗಿಲ್ಲ. ತಡ ಅನ್ನುವುದಕ್ಕೆ ಮಾತ್ರ ಒಂದು ವಿನಾಯಿತಿ ಇದೆ, ಪ್ರಕೃತಿ ವಿಕೋಪದಂಥ ಕಾರಣಕ್ಕೆ ತಡವಾದರೆ ಅದು ಲೆಕ್ಕಕ್ಕಿಲ್ಲ. ಗುಡ್ಡ ಕುಸಿದು ರಸ್ತೆ ಬಂದ್ ಆದಾಗ ನಾವು ಕೊಡಗಿನವರು ಕಂಪನಿಯ ಮೇಲೆ ಕೂಗಾಡಿ ಉಪಯೋಗ ಇಲ್ಲ. ಆದರೆ ಮನಸ್ಸು ಬದಲಾಯಿತು ಅಂತ ವಾಪಸ್ ಕೊಡುವ ಹಕ್ಕು ಈ ನಿಯಮದಲ್ಲಿ ಎಲ್ಲೂ ಇಲ್ಲ. ಅದು ಕಂಪನಿ ತಾನಾಗಿ ಕೊಡುವ ಸೌಲಭ್ಯ. ಕೊಟ್ಟವರು ತೆಗೆದುಕೊಳ್ಳಬಹುದು. ಅಂದರೆ ನಾನು ಕಾನೂನು ಕೊಟ್ಟ ಬಾಗಿಲು ಬಿಟ್ಟು, ಕಂಪನಿ ಯಾವಾಗ ಬೇಕಾದರೂ ಮುಚ್ಚಬಹುದಾದ ಬಾಗಿಲಿನಲ್ಲೇ ಓಡಾಡುತ್ತಿದ್ದೆ.

ಇನ್ನು ನಿಮ್ಮ ವಿಷಯ. ಅಮ್ಮನ ಹೆಸರಿನಲ್ಲಿ ತೆರೆದರೂ ವಿಳಾಸ ಅದೇ, ಫೋನ್ ಅದೇ, ದುಡ್ಡು ಹೋಗುವ ಯುಪಿಐ ಅದೇ. ಕಂಪನಿಗೆ ಅದು ಗೊತ್ತಾಗುವುದಿಲ್ಲ ಅಂದುಕೊಂಡರೆ ನಿಮ್ಮಷ್ಟು ಮುಗ್ಧರು ಇಲ್ಲ. ಗೊತ್ತಾದ ದಿನ ನಿಮ್ಮದರ ಜೊತೆ ಅಮ್ಮನದೂ ಹೋಗುತ್ತದೆ, ಮತ್ತು ಆಗ ನೀವು ನಿಜವಾಗಿಯೂ ಕಳ್ಳರ ಥರ ಕಾಣುತ್ತೀರಿ. ವಾಪಸ್ ಮಾಡುವುದನ್ನೇ ನಿಲ್ಲಿಸುವುದು ಇನ್ನೂ ಕೆಟ್ಟದ್ದು. ಹಾಳಾದ ವಸ್ತು ಇಟ್ಟುಕೊಂಡು ಒಳ್ಳೆಯವರು ಅನ್ನಿಸಿಕೊಳ್ಳುವುದಕ್ಕೆ ನೀವೇನು ಅವರ ಮನೆಯ ಸೊಸೆಯಾ?

ಹಾಗಂತ ನೀವು ಎರಡು ಸೈಜಿನ ಚಪ್ಪಲಿ ತರಿಸಿ ಒಂದನ್ನು ವಾಪಸ್ ಕಳಿಸುವ ಪೈಕಿ ಆಗಿದ್ದರೆ, ಮದುವೆಗೆ ಒಂದು ದಿನ ಉಟ್ಟು ಸೀರೆ ವಾಪಸ್ ಮಾಡುವ ಪೈಕಿ ಆಗಿದ್ದರೆ, ನನ್ನ ಹತ್ತಿರ ಕನಿಕರ ಸಿಗುವುದಿಲ್ಲ. ಪ್ರಶ್ನೆಯಲ್ಲಿ ಏನೇನು ವಾಪಸ್ ಮಾಡಿದಿರಿ ಅಂತ ನೀವು ಬರೆದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಆ ಸಾಗಾಟದ ಖರ್ಚು ಎಷ್ಟೋ ಸಲ ಸಣ್ಣ ವ್ಯಾಪಾರಿಯ ತಲೆ ಮೇಲೆ ಬೀಳುತ್ತದೆ. ಗೋಣಿಕೊಪ್ಪಲಿಗೆ ಹೋಗಿ ಕಾಲಿಗೆ ಹಾಕಿ ನೋಡಿ ತೆಗೆದುಕೊಳ್ಳಿ. ಇದು ನಮ್ಮಲ್ಲಿ ಮಾತ್ರ ಅಂತಲೂ ಅಲ್ಲ. 2018ರಲ್ಲೇ ಅಮೆರಿಕದಲ್ಲಿ ರಿಟರ್ನ್ ಜಾಸ್ತಿ ಮಾಡಿದವರ ಖಾತೆಗಳನ್ನು ಅಮೆಜಾನ್ ಮುಚ್ಚಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಅಲ್ಲಿ ಅಂಗಡಿಗಳಿಗೋಸ್ಕರ ಗ್ರಾಹಕರ ರಿಟರ್ನ್ ಲೆಕ್ಕ ಇಡುವುದೇ ಕೆಲಸವಾಗಿರುವ ಕಂಪನಿಯೂ ಇದೆ.

ನಿಮ್ಮ ವಸ್ತುಗಳು ನಿಜವಾಗಿ ಹಾಳಾಗಿದ್ದರೆ ಇವತ್ತೇ ಕೂತು ಹಳೆಯ ಆರ್ಡರ್‌ಗಳನ್ನು ತೆಗೆಯಿರಿ. ಪ್ರತಿಯೊಂದಕ್ಕೂ ಏನು ಕಾರಣ ಒತ್ತಿದ್ದಿರಿ, ನಿಜವಾದ ಕಾರಣ ಏನು, ಫೋಟೋ ಇದೆಯಾ, ಡೆಲಿವರಿ ಹುಡುಗನ ಜೊತೆ ವಾಟ್ಸಾಪ್‌ನಲ್ಲಿ ಏನಾದರೂ ಮಾತಾಡಿದ್ದಿರಾ, ಅಷ್ಟನ್ನೂ ಬರೆದು ಕಂಪನಿಯ ದೂರು ಅಧಿಕಾರಿಗೆ ಕಳಿಸಿ. ಅವರ ಹೆಸರು, ಮೇಲ್ ವಿಳಾಸ ವೆಬ್‌ಸೈಟಿನಲ್ಲಿ ಇರಲೇಬೇಕು. ದೂರು ಬಂತು ಅಂತ 48 ಗಂಟೆಯೊಳಗೆ ಹೇಳಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು ಅಂತ ನಿಯಮ ಇದೆ. ಕ್ಷಮಿಸಿ, ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಅಂತ ಮಾತ್ರ ಬರೆಯಬೇಡಿ. ಮಾಡದ ತಪ್ಪನ್ನು ಒಪ್ಪಿಕೊಂಡ ಕಾಗದ ಅವರ ಕೈಗೆ ಯಾಕೆ ಕೊಡುತ್ತೀರಿ?

ಅದರಿಂದ ಆಗದಿದ್ದರೆ 1915ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಅದಕ್ಕೂ ಬಗ್ಗದಿದ್ದರೆ ಮಡಿಕೇರಿಯಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇದೆ. ಕಂಪನಿಯ ಆಫೀಸು ಬೆಂಗಳೂರಿನಲ್ಲಿರಲಿ, ದೆಹಲಿಯಲ್ಲಿರಲಿ, ನೀವು ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಐದು ಲಕ್ಷದೊಳಗಿನ ವಸ್ತುವಿಗೆ ಫೀಸಿಲ್ಲ, ವಕೀಲರೇ ಬೇಕು ಅಂತಲೂ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು ಅಷ್ಟೆ. ಆದರೆ ಅಲ್ಲಿಯವರೆಗೆ ಹಾಳಾದ ವಸ್ತುವನ್ನು ರಿಪೇರಿಗೆ ಕೊಡಬೇಡಿ. ಕೊಡಲೇಬೇಕಾಗಿ ಬಂದರೆ ಮೆಕ್ಯಾನಿಕ್ ಹತ್ತಿರ ಬಿಲ್ಲಿನಲ್ಲೇ ಏನು ಹಾಳಾಗಿತ್ತು ಅಂತ ಬರೆಸಿಕೊಳ್ಳಿ, ತೆಗೆದ ಭಾಗವನ್ನು ಮನೆಗೆ ತನ್ನಿ.

ಈಗ ನಾನು ಪೆಟ್ಟಿಗೆ ಬಿಚ್ಚುವಾಗ ಮಗನ ಕೈಗೆ ಫೋನ್ ಕೊಟ್ಟು ವಿಡಿಯೋ ಮಾಡಿಸುತ್ತೇನೆ. ಅತ್ತೆ ನಗುತ್ತಾರೆ, ನಗಲಿ. ನೆಟ್‌ವರ್ಕ್ ಇಲ್ಲದಿದ್ದರೆ ರಿಟರ್ನ್ ಕೊನೆಯ ದಿನ ಯಾವುದು ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಪೇಟೆಗೆ ಹೋದಾಗ ಸರಿಯಾದ ಕಾರಣವನ್ನೇ ಒತ್ತುತ್ತೇನೆ. ಕ್ಯಾಶ್ ಆನ್ ಡೆಲಿವರಿ ಇನ್ನೂ ವಾಪಸ್ ಬಂದಿಲ್ಲ.

ನಿಮಗೆ ಬಂದಿರುವುದು ಬರೀ ಎಚ್ಚರಿಕೆ, ಅಕೌಂಟ್ ಇನ್ನೂ ತೆರೆದೇ ಇದೆ, ಹಾಗಾಗಿ ಹಳೆಯ ಆರ್ಡರ್‌ಗಳ ಪುಟ ನಿಮಗೆ ಕಾಣುತ್ತದೆ. ಮುಚ್ಚಿದ ಮೇಲೆ ಅದೂ ಕಾಣದೆ ಹೋಗಬಹುದು, ಮೊದಲು ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಆಮೇಲೆ ಯಾವ ಯಾವ ವಸ್ತುವಿಗೆ ಯಾವ ಕಾರಣ ಒತ್ತಿದ್ದಿರಿ ಅಂತ ಇಲ್ಲಿ ಬರೆಯಿರಿ, ದೂರು ಅಧಿಕಾರಿಗೆ ಕಳಿಸುವ ಮೇಲ್ ಹೇಗಿರಬೇಕು ಅಂತ ನಾನೇ ಬರೆದು ಕೊಡುತ್ತೇನೆ.