ಗೋವಾದಾಗ ಇಷ್ಟು ಮಳಿ ಬಿದ್ರೂ ಬ್ಯಾಸಿಗ್ಯಾಗ ನೀರಿನ ತ್ರಾಸ ಯಾಕ, ಟೂರಿಸಂ ಕಾರಣನಾ?

ಒಂದು ಕಾರಣ ಹೌದು. ವರ್ಷಕ್ಕ 3000 ಮಿ.ಮೀ. ಆಸುಪಾಸು ಮಳಿ ಬೀಳತೈತಿ ಖರೆ, ಆದ್ರ ನದಿ ಸಣ್ಣವು, ಘಟ್ಟ ಇಳದು ಲಗೂನ ಸಮುದ್ರ ಸೇರತಾವ, ಮತ್ತ ಟೂರಿಸ್ಟ್ ಸೀಸನ್ ಶುರುವಾಗೋದೇ ಮಳಿ ನಿಂತಮ್ಯಾಲೆ. 2011ರ ಜನಗಣತಿಯಾಗ ಇಲ್ಲಿ ಜನ 14.6 ಲಕ್ಷ, 2024ರಾಗ ಬಂದ ಟೂರಿಸ್ಟರು 1 ಕೋಟಿ ಮ್ಯಾಲೆ, ಅದ್ರಾಗ ಭಾಳ ಮಂದಿ ಕಲಂಗುಟ್, ಬಾಗಾ ಬೀಚ್ ಕಡೆನೇ ಮುಗಿಬೀಳತಾರ. ಪೂಲು, ಲಾನು, ದಿನಾ ಬದಲಿಸೋ ಬೆಡ್‌ಶೀಟು ಅಂತ ನಲ್ಲಿ ನೀರು ಸಾಲದಾದ್ರ ಬಾವಿ ನೀರಿನ ಟ್ಯಾಂಕರ್ ತರಸ್ತಾರ, ಸಮುದ್ರದಂಡಿ ಬಾವಿ ಅತಿಯಾಗಿ ಎಳದ್ರ ಉಪ್ಪುನೀರು ಒಳಗ ನುಗ್ಗತೈತಿ. ಇಲ್ಲಿ ವಾಸ್ಕೋ ಊರಾಗ ನಾವು ಏಪ್ರಿಲ್ ಬಂದ್ರ ಬೆಳಿಗ್ಗೆ 5ಕ್ಕ ಕೊಡ ಪಾಳಿಗೆ ಇಡತೀವಿ. ನಮ್ಮ ಓಣಿ ವಿಜಾಪುರದ ಅಕ್ಕ ಆ ಪಾಳಿ ಮುಗಿಸಿ ಸೀದಾ ರೆಸಾರ್ಟಿಗೆ ಬಾತ್‌ಟಬ್ ತೊಳಿಯಾಕ ಹೋಗತಾಳ.