ಸಂಪಾದಕರ ಉತ್ತರ: ಪರದೆ ಮೇಲೆ ಬರೆದದ್ದೂ ಚಿತ್ರವೇ?

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರ ತಲುಪಿತು. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕುವುದಿಲ್ಲ. ಬೇರೆ ಓದುಗರಿಗೂ ವಿಷಯ ಗೊತ್ತಾಗಲಿ ಅಂತ ಪತ್ರದ ಸಾರ ಹೇಳಿಬಿಡುತ್ತೇನೆ. ಜಯನಗರದ ಪಾರ್ಕೊಂದರಲ್ಲಿ ಬಡಾವಣೆಯವರೇ ಸೇರಿ ನಡೆಸಿದ ಕಲಾಹಬ್ಬಕ್ಕೆ ನೀವು ಮೊಮ್ಮಗಳ ಜೊತೆ ಹೋಗಿದ್ದಿರಿ. ಅಲ್ಲಿ ಡಿಜಿಟಲ್ ಚಿತ್ರಕಲೆಯ ಪ್ರಾತ್ಯಕ್ಷಿಕೆ ಇತ್ತು, ಆಮೇಲೆ ಮಾತುಕತೆ. ಅದಕ್ಕೆ ನಾವು ಎರಡು ಪುಟ ಕೊಟ್ಟದ್ದು ನಿಮಗೆ ಹಿಡಿಸಲಿಲ್ಲ. "ಬರೆಯೋದು ಕಂಪ್ಯೂಟರ್, ಇವರು ಸುಮ್ನೆ ಕೂತಿರುತ್ತಾರೆ. ತಪ್ಪಾದರೆ ಅಳಿಸೋಕೆ ಒಂದು ಗುಂಡಿ. ಮೂಲಕೃತಿ ಅನ್ನೋದೇ ಇಲ್ಲ. ದುಡ್ಡಿದ್ದವರ ಮಕ್ಕಳ ಆಟ ಇದು" ಅಂತ ಬರೆದಿದ್ದೀರಿ. ಇಡೀ ಆಯಸ್ಸು ಸರ್ಕಾರಿ ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿದವರು ನೀವು. ನಾಲ್ಕು ಸಾಲು ಬರೆದು ಕೈತೊಳೆದುಕೊಳ್ಳುವ ಹಾಗಿಲ್ಲ.

ಪ್ರಾತ್ಯಕ್ಷಿಕೆ ಸರಿಯಾಗಿ ನಡೆಯಲಿಲ್ಲ ಅನ್ನುವುದಕ್ಕೆ ನನ್ನ ತಕರಾರಿಲ್ಲ. ಮಟಮಟ ಮಧ್ಯಾಹ್ನ ಶಾಮಿಯಾನದ ಕೆಳಗೆ ಪ್ರೊಜೆಕ್ಟರ್ ಇಟ್ಟರೆ ಏನು ಕಾಣುತ್ತದೆ? ಪರದೆ ಬಿಳಿಚಿಕೊಂಡಿತ್ತು. ಕಲಾವಿದೆ ಐಪ್ಯಾಡ್ ಮೇಲೆ ಬಗ್ಗಿ ಕೂತಿದ್ದರು, ಹಿಂದಿದ್ದವರಿಗೆ ಬರೀ ಬೆನ್ನು ಕಂಡಿತು. ವಿವರಣೆಯೆಲ್ಲ ಇಂಗ್ಲಿಷಿನಲ್ಲಿ. ಹತ್ತು ನಿಮಿಷಕ್ಕೆ ಅರ್ಧ ಜನ ಚುರುಮುರಿ ಗಾಡಿಯ ಹತ್ತಿರ ಇದ್ದರು. ಅದಕ್ಕೂ ಮೊದಲು ತೋರಿಸಿದ ವಿಡಿಯೊ ಇನ್ನೂ ದೊಡ್ಡ ಎಡವಟ್ಟು. ಪ್ರೊಕ್ರಿಯೇಟ್ ಅನ್ನುವ ಆ್ಯಪ್ ನಾವು ಬರೆಯುವುದನ್ನೆಲ್ಲ ತಾನಾಗಿಯೇ ರೆಕಾರ್ಡ್ ಮಾಡಿಕೊಳ್ಳುತ್ತದೆ. ಗಂಟೆಗಟ್ಟಲೆ ಕೆಲಸವನ್ನು ಒಂದೆರಡು ನಿಮಿಷಕ್ಕೆ ಓಡಿಸಿ ತೋರಿಸಬಹುದು. ಜನ ಚಪ್ಪಾಳೆ ಹೊಡೆದರು. ಆದರೆ ಯೋಚನೆ ಮಾಡಿದ ಹೊತ್ತೆಲ್ಲ ಅದರಲ್ಲಿ ಮಾಯ! ಕಂಪ್ಯೂಟರೇ ಬರೆಯಿತು ಅಂತ ನಿಮಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ನನ್ನ ಕೈಲಾದರೆ ಕಲಾಹಬ್ಬಗಳಲ್ಲಿ ಈ ಓಡುವ ವಿಡಿಯೊಗಳನ್ನು ತೋರಿಸಲೇ ಬಿಡುವುದಿಲ್ಲ.

ನೀವು ಎದ್ದು ಹೋದ ಮೇಲೆ ನಾನು ಮುಂದಿನ ಕುರ್ಚಿಗೆ ಹೋಗಿ ಕೂತೆ. ಎರಡು ಪುಟ ಬಂದದ್ದು ಅಲ್ಲಿ ನೋಡಿದ್ದರಿಂದ.

ಕಲಾವಿದೆ ಬರೆಯುತ್ತಿದ್ದದ್ದು ಗಾಂಧಿ ಬಜಾರಿನ ಹೂವಿನಾಕೆಯನ್ನು. ಮೊದಲು ನೀಲಿ ಗೆರೆಯಲ್ಲಿ ಒರಟು ಸ್ಕೆಚ್. ಅದನ್ನು ಮಸುಕು ಮಾಡಿ, ಮೇಲೆ ಹೊಸ ಲೇಯರ್ ಹಾಕಿಕೊಂಡು ಸ್ವಚ್ಛ ಗೆರೆ. ಟ್ರೇಸಿಂಗ್ ಪೇಪರಿನಲ್ಲಿ ನೀವು ಮಾಡಿಸುತ್ತಿದ್ದ ಕೆಲಸವೇ ಇದು. ಬುಟ್ಟಿ ಹಿಡಿದ ಕೈಯ ಮೊಣಕೈ ಗೆರೆ ಮಾತ್ರ ಬರಲೇ ಇಲ್ಲ. ಎಳೆದರು, ಅಳಿಸಿದರು, ಮತ್ತೆ ಎಳೆದರು. ಕೊನೆಗೆ ಎರಡು ಬೆರಳಿನಲ್ಲಿ ಇಡೀ ಚಿತ್ರವನ್ನೇ ತಿರುಗಿಸಿ, ಮಣಿಕಟ್ಟಿಗೆ ಸಲೀಸಾದ ಕಡೆಯಿಂದ ಒಂದೇ ಸಲಕ್ಕೆ ಎಳೆದರು. ಆಮೇಲೆ ಚಿತ್ರವನ್ನು ಎಡಬಲ ಮಗುಚಿದರು. ಒಂದು ಭುಜ ಜಾರಿದ್ದು ಆಗ ಎಲ್ಲರಿಗೂ ಕಂಡಿತು. ಬರೆದ ಚಿತ್ರವನ್ನು ಕನ್ನಡಿಯಲ್ಲಿ ನೋಡು, ತಪ್ಪು ತಾನಾಗಿ ಕಾಣುತ್ತದೆ ಅಂತ ಲಿಯೊನಾರ್ಡೊ ಡಾ ವಿಂಚಿ ಬರೆದಿಟ್ಟಿದ್ದಾನಲ್ಲ, ಅದೇ ಉಪಾಯ. ಕನ್ನಡಿ ಹುಡುಕುವ ಕೆಲಸ ಉಳಿಯಿತು ಅಷ್ಟೆ.

ಆಮೇಲೆ ಮಲ್ಲಿಗೆ. ಆ್ಯಪಿನಲ್ಲಿ ಮೊಗ್ಗಿನ ಬ್ರಷ್ ಇಟ್ಟುಕೊಂಡಿದ್ದರು. ಒಂದು ಸಲ ಎಳೆದರೆ ಮಾರುದ್ದ ಮಾಲೆ ಬಂದುಬಿಡುತ್ತದೆ. ಎಳೆದರು, ನೋಡಿದರು, ಅಳಿಸಿದರು. ಮೊಗ್ಗುಗಳನ್ನು ಒಂದೊಂದಾಗಿ ಕೈಯಲ್ಲೇ ಬರೆಯಲು ಶುರು ಮಾಡಿದರು. ಯಾಕೆ ಅಂತ ಕೇಳಿದೆ. "ಎಲ್ಲಾ ಒಂದೇ ತರ ಬಂತು ಸಾರ್. ಪ್ಲಾಸ್ಟಿಕ್ ಹೂವಿನ ಹಾರ ಆಗೋಯ್ತು" ಅಂದರು.

ಅಳಿಸುವ ಗುಂಡಿ ಯಾವಾಗ ಒತ್ತಬೇಕು ಅಂತ ಗುಂಡಿಗೆ ಗೊತ್ತಿರುವುದಿಲ್ಲ, ಮೇಷ್ಟ್ರೇ. ಅದನ್ನು ಕಣ್ಣು ಹೇಳಬೇಕು. ಹಾಗಾಗಿ ಅಳಿಸುವುದು ಸುಲಭವಾಯಿತು ಅನ್ನುವ ನಿಮ್ಮ ದೂರಿಗೆ ನನ್ನ ಒಪ್ಪಿಗೆ ಅರ್ಧ ಮಾತ್ರ. ರಬ್ಬರ್ ಉಜ್ಜಿ ಹಾಳೆ ಹರಿಯುವ ಭಯ ಇಲ್ಲದಾಗ ಗೆರೆಗೆ ಒಂದು ಉಡಾಫೆ ಬರುವುದುಂಟು. ಹುಡುಗರ ಕೆಲಸದಲ್ಲಿ ಅದು ನನಗೂ ಕಾಣುತ್ತದೆ.

ಇದು ಮೊನ್ನೆ ಮೊನ್ನೆ ಬಂದ ಶೋಕಿ ಅಂದಿದ್ದೀರಿ. ಅಷ್ಟು ಹೊಸದಲ್ಲ. ಐವಾನ್ ಸದರ್ಲೆಂಡ್ ಅಮೆರಿಕದಲ್ಲಿ ಸ್ಕೆಚ್‌ಪ್ಯಾಡ್ ಅನ್ನುವ ಕಂಪ್ಯೂಟರ್ ಪ್ರೋಗ್ರಾಂ ಮಾಡಿ, ಪರದೆ ಮೇಲೆ ಲೈಟ್ ಪೆನ್ನಿನಿಂದ ಗೆರೆ ಎಳೆದು ತೋರಿಸಿದ್ದು 1963ರಲ್ಲಿ. ಹಂಗೇರಿಯಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ನೆಲೆಸಿದ ವೆರಾ ಮೊಲ್ನಾರ್ 1968ರಲ್ಲಿ ಕಂಪ್ಯೂಟರಿನಿಂದ ಚಿತ್ರ ಬರೆಸಲು ಶುರು ಮಾಡಿದರು. ಅದಕ್ಕೂ ಮೊದಲು ತಾವೇ ನಿಯಮ ಹಾಕಿಕೊಂಡು ಕೈಯಲ್ಲೇ ಹಾಗೆ ಬರೆಯುತ್ತಿದ್ದರಂತೆ. ನಮ್ಮ ಕಡೆಯ ಮಾತೇ ಬೇಕೆಂದರೆ, 1970ರ ದಶಕದಲ್ಲೇ ಮದ್ರಾಸಿನ ಗಿಫ್ಟ್ ಸಿರೊಮೊನಿ ಮತ್ತು ಜೊತೆಗಾರರು ಕೋಲಂ ರಂಗೋಲಿಗೆ ಕಂಪ್ಯೂಟರ್ ವಿಜ್ಞಾನದ ವ್ಯಾಕರಣ, ಅಂದರೆ ಗೆರೆ ಬೆಳೆಸುವ ನಿಯಮ, ಬರೆದರು. ಚುಕ್ಕಿ ಇಟ್ಟು ಗೆರೆ ಸುತ್ತುವುದರಲ್ಲಿ ಲೆಕ್ಕ ಇದೆ ಅಂತ ನಮ್ಮ ಹೆಂಗಸರಿಗೆ ಮೊದಲೇ ಗೊತ್ತಿತ್ತು, ಬಿಡಿ.

ಮೂಲಕೃತಿ ಯಾವುದು ಅನ್ನುವುದು ನಿಮ್ಮ ಗಟ್ಟಿ ಪ್ರಶ್ನೆ. ಅಚ್ಚಿನಿಂದ ಚಿತ್ರ ಮುದ್ರಿಸುವ ಲಿನೋಕಟ್‌ನಲ್ಲಿ, ಎಚಿಂಗ್‌ನಲ್ಲಿ ಏನು ಮಾಡುತ್ತೀವಿ? ಅಚ್ಚು ಒಂದು, ಪ್ರತಿ ಹತ್ತು. ಪ್ರತಿಯ ಕೆಳಗೆ ಪೆನ್ಸಿಲ್‌ನಲ್ಲಿ 3/10, ಅಂದರೆ ಹತ್ತರಲ್ಲಿ ಮೂರನೆಯದು, ಅಂತ ಬರೆದು ಸಹಿ ಹಾಕುತ್ತೀವಿ. ಡಿಜಿಟಲ್‌ನವರೂ ಅದನ್ನೇ ಮಾಡುತ್ತಾರೆ. ಹನ್ನೊಂದನೆಯದನ್ನು ಮುದ್ರಿಸುವುದಿಲ್ಲ ಅನ್ನುವ ಮಾತಿನ ಮೇಲೆ ವ್ಯಾಪಾರ. ಲಿನೋ ಹಲಗೆಯಾದರೆ ಕೆತ್ತಿ ಹಾಳು ಮಾಡಿಬಿಡಬಹುದು. ಫೈಲಿಗೆ ಆ ಖಾತ್ರಿ ಇಲ್ಲ, ಕಲಾವಿದರ ಮಾತನ್ನೇ ನಂಬಬೇಕು. ಈ ಅಳುಕು ನನಗೂ ಉಂಟು.

ಅವತ್ತು ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಮುದ್ರಣದ ಬಗೆಗಿನ ಮಾತುಕತೆ. ಅದನ್ನು ಕೊನೆಗೆ ಇಟ್ಟಿದ್ದರು, ಕೇಳಲು ಜನವೇ ಇರಲಿಲ್ಲ. ಮೊಬೈಲ್ ಪರದೆಗೆ ಅಂತ 1080 ಪಿಕ್ಸೆಲ್ (ಪರದೆಯ ಚುಕ್ಕಿ) ಅಗಲಕ್ಕೆ ಬರೆದ ಚಿತ್ರವನ್ನು ಅಂಗುಲಕ್ಕೆ 300 ಚುಕ್ಕಿಯಂತೆ ಮುದ್ರಿಸಿದರೆ 3.6 ಅಂಗುಲ ಬರುತ್ತದೆ, ಅಂಗೈಯಗಲ. ಎ3 ಹಾಳೆ ತುಂಬಬೇಕಾದರೆ 3508ಕ್ಕೆ 4961 ಪಿಕ್ಸೆಲ್ ಬೇಕು. ಇದನ್ನು ಮೊದಲೇ ಲೆಕ್ಕ ಹಾಕದೆ ಬರೆದವರು ಆಮೇಲೆ ಹಿಗ್ಗಿಸುತ್ತಾರೆ, ಗೆರೆ ಗರಗಸದ ಹಲ್ಲಾಗುತ್ತದೆ. ಬಣ್ಣದ ಕಥೆ ಬೇರೆ. ಪರದೆಯದು ಬೆಳಕಿನ ಬಣ್ಣ, ಪ್ರೆಸ್ಸಿನದು ಶಾಯಿ. ಪರದೆಯಲ್ಲಿ ಮಿನುಗುವ ಗಿಳಿಹಸಿರು ಕಾಗದಕ್ಕೆ ಇಳಿದಾಗ ಬಾಡಿದ ಸೊಪ್ಪು. ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆಯ ಮಳಿಗೆಗಳಲ್ಲಿ ಡಿಜಿಟಲ್ ಪ್ರಿಂಟು ಕೊಳ್ಳುವವರು ಈ ಎರಡನ್ನೂ ಕೇಳಿ ಕೊಳ್ಳಬೇಕು. ಕಾಗದ ಯಾವುದು, ಶಾಯಿ ಯಾವುದು ಅಂತಲೂ ಕೇಳಬೇಕು. ಬಣ್ಣದ ಸಣ್ಣ ಕಣ ಇರುವ ಪಿಗ್ಮೆಂಟ್ ಶಾಯಿಯಾದರೆ, ಬಣ್ಣ ಕರಗಿಸಿದ ಸಾಮಾನ್ಯ ಡೈ ಶಾಯಿಗಿಂತ ಬಿಸಿಲಿಗೆ ಜಾಸ್ತಿ ತಡೆಯುತ್ತದೆ.

ದುಡ್ಡಿನ ಮಾತು. ಐಪ್ಯಾಡ್ ಮತ್ತು ಅದರ ಪೆನ್ಸಿಲ್ ದುಬಾರಿ, ನಿಜ. ವೇದಿಕೆಯಲ್ಲಿ ಅದೊಂದನ್ನೇ ತೋರಿಸಿದ್ದು ನನಗೂ ಸರಿಬರಲಿಲ್ಲ. ಕ್ರಿಟಾ ಅನ್ನುವ ಪೇಂಟಿಂಗ್ ಸಾಫ್ಟ್‌ವೇರ್ ಪೂರ್ತಿ ಉಚಿತ. ಮನೆಯಲ್ಲಿ ಕಂಪ್ಯೂಟರ್ ಇದ್ದರೆ ಅದಕ್ಕೆ ಜೋಡಿಸಿ ಪೆನ್ನಿನಿಂದ ಬರೆಯುವ ಹಲಗೆ, ಮೂರು ನಾಲ್ಕು ಸಾವಿರದ ಪೆನ್ ಟ್ಯಾಬ್ಲೆಟ್ ಸಾಕು, ಒತ್ತಿದಂತೆ ಗೆರೆ ದಪ್ಪವಾಗುತ್ತದೆ. ಸರ್ಕಾರಿ ಶಾಲೆಯ ಮಕ್ಕಳಿಗೆ ಇದನ್ನು ತೋರಿಸಬೇಕಿತ್ತು.

ಎಐ, ಅಂದರೆ ಕೃತಕ ಬುದ್ಧಿಮತ್ತೆ, ಬಗ್ಗೆ ಒಂದೇ ಮಾತು. ನಿಮ್ಮ ಸಿಟ್ಟಿಗೆ ಸರಿಯಾದ ವಿಳಾಸ ಅದು. ಅಮೆರಿಕದ ಕೊಲರಾಡೊ ರಾಜ್ಯದ ಮೇಳದಲ್ಲಿ 2022ರಲ್ಲಿ ಡಿಜಿಟಲ್ ವಿಭಾಗದ ಮೊದಲ ಬಹುಮಾನ ಮಿಡ್‌ಜರ್ನಿ ಅನ್ನುವ ಎಐ ಸಾಧನದಿಂದ ಮಾಡಿದ ಚಿತ್ರಕ್ಕೆ ಹೋಗಿ ದೊಡ್ಡ ಗಲಾಟೆಯಾಯಿತು. ಮಾತಲ್ಲಿ ವಿವರಿಸಿ ಚಿತ್ರ ಪಡೆಯುವುದು ಬೇರೆ, ಮೊಣಕೈ ಗೆರೆಗೆ ಒದ್ದಾಡುವುದು ಬೇರೆ. ಎರಡನ್ನೂ ಒಂದೇ ಬೋರ್ಡಿನ ಕೆಳಗೆ ಇಟ್ಟರೆ ನಿಮ್ಮಂಥವರು ಎರಡನ್ನೂ ಬೈಯುತ್ತಾರೆ. ಯಾವ ಚಿತ್ರ ಹೇಗಾಯಿತು ಅಂತ ಪ್ರತಿ ಮಳಿಗೆಯಲ್ಲೂ ಬರೆದು ಹಾಕಿದರೆ ರಗಳೆಯೇ ಇರುವುದಿಲ್ಲ.

ನಿಮ್ಮ ಪತ್ರದ ನಕಲನ್ನು ಹಬ್ಬ ನಡೆಸಿದವರಿಗೆ ಕಳಿಸಿದ್ದೇನೆ. ಜೊತೆಗೆ ನನ್ನ ನಾಲ್ಕು ಮಾತು: ಪ್ರಾತ್ಯಕ್ಷಿಕೆ ಕತ್ತಲಾದ ಮೇಲೆ ಇಡಿ. ಕಲಾವಿದರ ಕೈ ಮೇಲೆ ಒಂದು ಕ್ಯಾಮೆರಾ ಇರಲಿ. ಕನ್ನಡದಲ್ಲಿ ಮಾತಾಡಿಸಿ. ಅದೇ ಹೂವಿನಾಕೆಯನ್ನು ಪಕ್ಕದ ಮೇಜಿನಲ್ಲಿ ಪೆನ್ಸಿಲ್ ಹಿಡಿದು ಬರೆಯುವವರೊಬ್ಬರನ್ನು ಕೂರಿಸಿ. ಆ ಮೇಜಿಗೆ ನಿಮ್ಮ ಹೆಸರು ಹೇಳಿದ್ದೇನೆ, ಬೇಡ ಅನ್ನಬೇಡಿ.

ಪತ್ರದ ಹಿಂದೆ ನೀವು ಬರೆದ ಪಾರ್ಕಿನ ಬೆಂಚಿನ ಸ್ಕೆಚ್ ಚೆನ್ನಾಗಿದೆ, ಪತ್ರಿಕೆಯಲ್ಲಿ ಹಾಕುವ ಆಸೆ. ಇನ್‌ಲ್ಯಾಂಡ್ ಲೆಟರಿನ ಮಡಿಕೆ ಸರಿಯಾಗಿ ಬೆಂಚಿನ ಮೇಲೇ ಬಿದ್ದಿದೆ. ಬೇರೆ ಹಾಳೆಯಲ್ಲಿ ಇನ್ನೊಮ್ಮೆ ಬರೆದು ಸ್ಕ್ಯಾನ್ ಮಾಡಿಸಿ ಕಳಿಸಿ. 300 ಡಿಪಿಐ (ಅಂಗುಲಕ್ಕೆ 300 ಚುಕ್ಕಿ) ಇರಲಿ, ಮೊಮ್ಮಗಳಿಗೆ ಗೊತ್ತಿರುತ್ತದೆ.

ಸಂಪಾದಕ